ಹಸುವಿನ ಹಾಲು: ಯಾರಿಗೆ ಹಿತ, ಯಾರಿಗಲ್ಲ

ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ಸತ್ವವೆಲ್ಲ ಉಳಿದ ಅಲ್ಪ ಭಾಗದಲ್ಲಿದೆ: 100 ಮಿಲಿಲೀಟರ್ ಹಾಲಿನಲ್ಲಿ ಮೂರು ಗ್ರಾಂಗೂ ತುಸು ಹೆಚ್ಚು ಪ್ರೋಟೀನ್, ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ. ಮಾಂಸ, ಮೊಟ್ಟೆ ಮುಟ್ಟದವರಿಗೆ ಬಿ12 ಜೀವಸತ್ವ ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಿಂದಲೇ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೂ ಬಿ12 ಇಲ್ಲ.

ಆದರೆ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಮನೆಗಳಲ್ಲಿ ಹೆಚ್ಚಿನವರು ಗಮನಿಸದ ಕೊರತೆ ಇದು. ವರ್ಷ ತುಂಬದ ಕೂಸಿಗೆ ಎದೆಹಾಲಿನ ಬದಲು ಹಸುವಿನ ಹಾಲು ಕುಡಿಸಿದರೆ ರಕ್ತಹೀನತೆ ಬರಬಹುದು; ಅದರ ಪ್ರೋಟೀನ್, ಲವಣಗಳು ಎಳೆಯ ಮೂತ್ರಪಿಂಡಗಳಿಗೆ ಹೊರೆಯೂ ಹೌದು. ಜೀರ್ಣವಾಗಲೆಂದು ನೀರು ಬೆರೆಸಿ ಕುಡಿಸುವ ರೂಢಿಯನ್ನಂತೂ ಬಿಡಲೇಬೇಕು: ಕೂಸಿನ ಹೊಟ್ಟೆ ತುಂಬುತ್ತದೆ, ಮೈ ಹಿಡಿಯುವುದಿಲ್ಲ. ಊಟ ಬಿಟ್ಟು ಲೋಟಗಟ್ಟಲೆ ಹಾಲನ್ನೇ ಕುಡಿಯುವ ಪುಟ್ಟ ಮಕ್ಕಳಿಗೂ ಕಬ್ಬಿಣದ ಕೊರತೆ ಕಾಡುತ್ತದೆ.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಮಾತೇ ಬೇರೆ. ಕರ್ನಾಟಕದಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಹಾಲಿನ ಪುಡಿ ಕದಡಿ, ಸಕ್ಕರೆ ಬೆರೆಸಿ, ಮಗುವಿಗೆ 150 ಮಿಲಿಲೀಟರ್ ಬಿಸಿ ಹಾಲು ಕೊಡಲಾಗುತ್ತದೆ. ಬೆಳಗ್ಗೆ ಏನೂ ತಿನ್ನದೆ ಬರುವ ಮಗುವಿಗೆ ಇದು ಸಣ್ಣ ನೆರವಲ್ಲ. ಪೂರೈಕೆ ಒಂದು ದಿನವೂ ತಪ್ಪಬಾರದು.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅನೇಕ ವಯಸ್ಕರಿಗೆ ಅರಗದೆ ಹೊಟ್ಟೆ ಉಬ್ಬರಿಸುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಅದರಲ್ಲೊಂದಿಷ್ಟನ್ನು ಆಮ್ಲವಾಗಿಸುವುದರಿಂದ ಅಂಥವರಿಗೆ ಸಾಮಾನ್ಯವಾಗಿ ಮೊಸರು ಒಗ್ಗುತ್ತದೆ. ಕೊಟ್ಟಿಗೆಯಿಂದ ನೇರ ತಂದ ಹಸಿ ಹಾಲಿನಲ್ಲಿ ಕ್ಷಯ, ಬ್ರುಸೆಲ್ಲೋಸಿಸ್‌ನ ರೋಗಾಣುಗಳು ಇರಬಹುದು. ಅದನ್ನು ಉಕ್ಕುವವರೆಗೆ ಕಾಯಿಸಿಯೇ ಕುಡಿಯಬೇಕು.