ಅರ್ಜಿ ಹಾಕಿದ ದಿನದಿಂದ ಲೆಕ್ಕ

ನಮ್ಮ ಓಣ್ಯಾಗ ಒಬ್ಬ ಹುಡುಗಿ ಎರಡು ವರ್ಷದ ಹಿಂದ ಕೂಸಿನ್ನ ಎತ್ತಿಕೊಂಡು ತವರಿಗೆ ಬಂದ್ಲು. ಗಂಡ ಹೊಡೆದು ಹೊರಗ ಹಾಕಿದ್ದ. "ಅಮರೇಶ್ವರನ ಜಾತ್ರಿ ಮುಗೀಲಿ, ಹಿರ್ಯಾರನ್ನ ಕೂಡಿಸೂಣು" ಅಂದ್ರು. ಜಾತ್ರಿ ಮುಗೀತು. "ಹತ್ತಿ ಬಿಡಿಸೋದು ಮುಗೀಲಿ" ಅಂದ್ರು. ಅದೂ ಮುಗೀತು. ಆಕಿ ದಿನಾ ಕೂಲಿಗೆ ಹೋಗಿ ಕೂಸಿನ ಹೊಟ್ಟಿ ತುಂಬಸ್ತಾಳ. ಗಂಡ ಒಂದು ರೂಪಾಯಿ ಕಳಿಸಿಲ್ಲ.

ಹಿರ್ಯಾರನ್ನ ನಾ ಬೈಯಂಗಿಲ್ಲ. ಮನಿ ಮುರೀಬಾರ್ದು ಅಂತ ಅವರ ಮನಸ್ಸು. ಆದ್ರ ಅವರು ಹಾಕೋ ವಾಯಿದೆಯ ಖರ್ಚು ಯಾರ ತಲಿ ಮ್ಯಾಲೆ ಬೀಳ್ತೈತಿ? ರಜನೀಶ್ ಮತ್ತು ನೇಹಾ ಅನ್ನೋರ ಕೇಸಿನ್ಯಾಗ ಸುಪ್ರೀಂ ಕೋರ್ಟು 2020ರಾಗ ಹೇಳೈತಿ, ಜೀವನಾಂಶ ಅರ್ಜಿ ಹಾಕಿದ ದಿನದಿಂದ ಕೊಡಬೇಕು ಅಂತ. ಗಂಡ ಹೊರಗ ಹಾಕಿದ ದಿನದಿಂದ ಅಲ್ಲ. ಅಂದ್ರ ಈ ಹುಡುಗಿಯ ಎರಡು ವರ್ಷ ಆ ಲೆಕ್ಕದಾಗ ಬರಂಗಿಲ್ಲ.

ಇನ್ನೊಂದು ಮಾತು ಲಕ್ಷ್ಯಗೊಟ್ಟು ಕೇಳ್ರಿ. ಪಂಚಾಯ್ತಿ ಕೂಡಿ ಬಾಂಡ್ ಪೇಪರಿನ ಮ್ಯಾಲೆ "ಇಬ್ಬರೂ ಒಪ್ಪಿ ಬ್ಯಾರೆ ಇರ್ತೀವಿ" ಅಂತ ಬರೆಸಿದ್ರ ಸಹಿ ಮಾಡಬ್ಯಾಡ್ರಿ. ಇಬ್ಬರ ಒಪ್ಪಿಗೆ ಮ್ಯಾಲೆ ಬ್ಯಾರೆ ಇರೋ ಹೆಂಡತಿಗೆ ಜೀವನಾಂಶ ಇಲ್ಲ ಅಂತ ಕಾಯ್ದೆದಾಗ ಐತಿ. ಮೊದಲು ಅದು 125ನೇ ಕಲಂ ಇತ್ತು, 2024ರ ಜುಲೈದಿಂದ ಹೊಸ ಕಾಯ್ದೆಯ 144 ಆಗೈತಿ. ಹೊರಗ ಹಾಕ್ಯಾನ ಅಂದ್ರ ಹೊರಗ ಹಾಕ್ಯಾನ ಅಂತನs ಬರೀಬೇಕು.

"ರೊಕ್ಕದ ಆಸಿಗೆ ಕೋರ್ಟು ಕಟ್ಟಿ ಹತ್ತತಾರ" ಅನ್ನೋರೂ ಇದ್ದಾರ. 2024ರಾಗ ನಮ್ಮ ಹೈಕೋರ್ಟಿನ್ಯಾಗ ಒಬ್ಬಾಕಿ ಪರವಾಗಿ ತಿಂಗಳಿಗೆ 6 ಲಕ್ಷದ ಮ್ಯಾಲೆ ಕೇಳಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಅಷ್ಟು ಖರ್ಚು ಬೇಕಿದ್ರ ಆಕಿನೇ ದುಡೀಲಿ ಅಂದ್ರು ಜಡ್ಜಮ್ಮ. ಸರಿನೇ ಅಂದ್ರು. ಆದ್ರ ನಮ್ಮ ಹುಡುಗಿ ಈಗಾಗಲೇ ದುಡೀತಾಳ. ಆಕಿ ಕೇಳೋದು ಜ್ವಾಳ, ಗ್ಯಾಸು, ಕೂಸಿನ ಔಷಧ. ಆ ಕೂಸು ಇಬ್ಬರದಲ್ಲೇನು?

ಇದಕ್ಕ ಸೋಡಚೀಟಿ ಆಗಿರಬೇಕು ಅಂತಿಲ್ಲ. ಗಂಡನ ಊರಿಗೇ ಹೋಗಿ ಹಾಕಬೇಕು ಅಂತನೂ ಇಲ್ಲ, ತಾನು ಇರೋ ತವರಿನ ಕಡೆನೇ ಹಾಕಬಹುದು. ವಕೀಲರ ಫೀಜಿಗೆ ಅಂಜಬ್ಯಾಡ್ರಿ. 1987ರ ಕಾನೂನು ಸೇವಾ ಕಾಯ್ದೆದಾಗ ಹೆಂಗಸರಿಗೆ, ಆದಾಯ ಎಷ್ಟs ಇರಲಿ, ವಕೀಲರನ್ನ ಪುಕ್ಕಟೆ ಕೊಡ್ತಾರ. ತಾಲೂಕು ಕಾನೂನು ಸೇವಾ ಸಮಿತಿಯಾಗ ಕೇಳ್ರಿ. ನಿಮ್ಮ ಕೂಲಿ ಎಷ್ಟು, ಅವನ ಗಳಿಕೆ ಎಷ್ಟು, ಇಬ್ಬರೂ ಪ್ರಮಾಣಪತ್ರದಾಗ ಬರೆದು ಕೊಡಬೇಕು. ಖರೇದು ಬರೆಸ್ರಿ, ಸುಳ್ಳು ನಮ್ಮ ಕೊಳ್ಳಿಗೇ ಬರ್ತೈತಿ. ಆದೇಶ ಆದ ಮ್ಯಾಲೂ ಅವ ಕೊಡಲಿಲ್ಲ ಅಂದ್ರ ಸುಮ್ಮನ ಕೂಡಬ್ಯಾಡ್ರಿ. ಬಾಕಿ ವಸೂಲಿಗೆ ಒಂದು ವರ್ಷದೊಳಗ ಅರ್ಜಿ ಕೊಡಬೇಕು.

ಹೋದ ಸೋಮವಾರ ಆಕಿನ್ನ ಕರಕೊಂಡು ಲಿಂಗಸುಗೂರಿಗೆ ಹೋಗಿ ಬಂದೆ. ಬಸ್ಸಿನ್ಯಾಗ ಆಕಿ, "ದೊಡ್ಡವ್ವಾ, ಹಿರ್ಯಾರು ಸಿಟ್ಟಾಗಂಗಿಲ್ಲೇನು?" ಅಂದ್ಲು. ಯಾಕ ಸಿಟ್ಟಾಗ್ತಾರವ್ವಾ? ಅರ್ಜಿ ಹಾಕಿದ ಮ್ಯಾಲೂ ಪಂಚಾಯ್ತಿ ಕೂಡಬಹುದು. ನಾಳೆ ರಾಜಿ ಆದ್ರ ಅರ್ಜಿ ಹಿಂದಕ್ಕ ತಗೋಬಹುದು. ಹೋದ ತಿಂಗಳು ಮಾತ್ರ ಹಿಂದಕ್ಕ ಬರಂಗಿಲ್ಲ.