ಶಾಲೆಯ ಅಚ್ಚು, ಊರಿನ ಅಚ್ಚು

ಪ್ರಶ್ನೆ: ಶಾಲೆಯು ಮಕ್ಕಳ ನಂಬಿಕೆಗಳನ್ನು ಒಂದೇ ಅಚ್ಚಿನಲ್ಲಿ ಎರೆದು ಅವರ ಸ್ವಂತ ಬುದ್ಧಿಯನ್ನು ಕುಂದಿಸುತ್ತದೆಯೆ?

2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ವಸತಿಶಾಲೆಗಳ ಬಾಗಿಲಿನ ಮೇಲಣ ಬರಹವೊಂದು ಬದಲಾಯಿತು. ಜ್ಞಾನದ ದೇಗುಲಕ್ಕೆ ಕೈಮುಗಿದು ಬರಬೇಕೆಂದು ಅಲ್ಲಿಯವರೆಗೆ ವಿದ್ಯಾರ್ಥಿಗೆ ಬುದ್ಧಿ ಹೇಳುತ್ತಿದ್ದ ಗೋಡೆಯು, ಇನ್ನು ಮೇಲೆ ಧೈರ್ಯದಿಂದ ಪ್ರಶ್ನಿಸಬೇಕೆಂದು ಹೇಳತೊಡಗಿದುದು ಕೆಲವರಿಗೆ ಅವಿನಯವಾಗಿಯೂ ಕೆಲವರಿಗೆ ಬಹುದಿನದ ಬಿಡುಗಡೆಯಾಗಿಯೂ ಕಂಡು, ನಾಡಿನಲ್ಲೆಲ್ಲ ವಾಗ್ವಾದವೆದ್ದಿತು. ಬರಹ ಯಾವುದಿರಬೇಕೆಂಬುದು ಸಣ್ಣ ಮಾತು. ಒಳಗೆ ಹೋದ ಮಗು ಏನಾಗಿ ಹೊರಗೆ ಬರುತ್ತದೆಂಬುದು ದೊಡ್ಡ ಮಾತು. ಕೋಲಾರ ಸೀಮೆಯ ಶಾಲೆಗಳ ಚರಿತ್ರೆಯಲ್ಲಿ ಈ ಪ್ರಶ್ನೆಯ ಎರಡು ಪಕ್ಷಗಳಿಗೂ ಬೇಕಾದಷ್ಟು ಸಾಕ್ಷ್ಯವಿರುವುದರಿಂದ, ಎರಡನ್ನೂ ಅವುಗಳ ಪೂರ್ಣಬಲದೊಡನೆ ಮುಂದಿರಿಸಿ, ನನ್ನ ಒಲವನ್ನೂ ಮರೆಮಾಡದೆ ತಿಳಿಸುತ್ತೇನೆ.

ಪರ

ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡಿರುವ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಪಾಠ ಕನ್ನಡ. ಅಂಥ ಮನೆಯಿಂದ ಒಂದನೆಯ ತರಗತಿಗೆ ಬರುವ ಮಗು ಹಸುಕರುಗಳ ಸ್ವಭಾವವನ್ನೂ ಮಾವಿನ ತೋಪಿನ ಹಂಗಾಮನ್ನೂ ರೇಷ್ಮೆಹುಳು ಜ್ವರಕ್ಕೆ ಕೂರುವ ಹೊತ್ತನ್ನೂ ಬಲ್ಲುದಾಗಿ, ಕಂಡದ್ದನ್ನೆಲ್ಲ ಇದೇಕೆ ಅದೇಕೆ ಎಂದು ಕೇಳುತ್ತ ಬರುತ್ತದೆ. ಆ ಮಗುವಿಗೆ ಅಕ್ಷರಾಭ್ಯಾಸಕ್ಕಿಂತ ಮೊದಲು ಆಗುವುದು ಅಂಗಾಭ್ಯಾಸ. “ಕೈ ಕಟ್ಕೊಂಡು ಕೂತ್ಕೋ, ಬಾಯಿ ಮೇಲೆ ಬೆರಳಿಡು” ಎಂಬ ಆಜ್ಞೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಎಷ್ಟು ಮಂದಿ? ಬಾಯಿಯ ಮೇಲಿಟ್ಟ ಆ ಬೆರಳು ಕೆಳಗಿಳಿದಾಗ ಮಗು ಮಾತನಾಡುತ್ತದೆ, ನಿಜ. ಆದರೆ ಆಗ ಅದು ಆಡುವುದು ಮೇಷ್ಟರು ನಿರೀಕ್ಷಿಸಿದ ಮಾತನ್ನು.

ಮುಂದಿನ ತರಗತಿಗಳಲ್ಲಿ ನಡೆಯುವುದು ಇದರ ವಿಸ್ತರಣೆಯೇ. ಕಪ್ಪುಹಲಗೆಯ ಮೇಲೆ ಪ್ರಶ್ನೋತ್ತರ ಬರೆಯಲ್ಪಡುತ್ತದೆ. ಮಗು ಅದನ್ನು ನೋಟ್ಸಿಗೆ ಇಳಿಸುತ್ತದೆ. ನೋಟ್ಸಿನಿಂದ ಬಾಯಿಗೆ, ಬಾಯಿಂದ ಉತ್ತರಪತ್ರಿಕೆಗೆ ಅದೇ ವಾಕ್ಯ ಅದೇ ಅಲ್ಪವಿರಾಮಗಳೊಡನೆ ಸಾಗುತ್ತದೆ. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ, ಹಿಂದುಳಿದವರೆಂದು ಗುರುತಿಸಲ್ಪಟ್ಟ ಹುಡುಗರ ಕೈಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನ ಹಾಳೆಗಳ ಕಟ್ಟು ಬರುತ್ತದೆ. ಉತ್ತೀರ್ಣನಾಗಲು ಬೇಕಾದಷ್ಟನ್ನು ಮಾತ್ರ ಕಂಠಪಾಠ ಮಾಡು, ಮಿಕ್ಕದ್ದು ನಿನಗೆ ಬೇಡ ಎಂಬುದು ಅದರ ತಾತ್ಪರ್ಯ. ಇಂಥ ಶಿಕ್ಷಣದಿಂದ ನಂಬಿಕೆಗಳು ಹೇಗೆ ಹುಟ್ಟುತ್ತವೆಂಬುದಕ್ಕೆ ಇತ್ತೀಚಿನ ನಿದರ್ಶನವೇ ಸಾಕು. 2022ರಲ್ಲಿ ಪಠ್ಯಪುಸ್ತಕಗಳು ಪರಿಷ್ಕೃತವಾಗಿ ಕೆಲವು ಪಾಠಗಳು ಬಂದುವು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅವುಗಳಲ್ಲಿ ಹಲವು ಹೋದುವು. ದೊಡ್ಡವರು ಪತ್ರಿಕೆಗಳಲ್ಲಿ ಕಾದಾಡಿದರು. ಆ ಎರಡೂ ವರ್ಷಗಳಲ್ಲಿ ಓದಿದ ಮಕ್ಕಳಾದರೋ, ತಮಗೆ ದೊರೆತ ಪುಸ್ತಕವನ್ನು ಸಮಾನಭಕ್ತಿಯಿಂದ ಉರುಹೊಡೆದರು.

ಪರೀಕ್ಷೆಯೆಂಬ ಈ ಅಳತೆಗೋಲು ಬುದ್ಧಿಯನ್ನು ಅಳೆಯಲಾರದೆಂಬುದಕ್ಕೆ ಮುಳಬಾಗಿಲೇ ಸಾಕ್ಷಿ. 1887ರಲ್ಲಿ ಅಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪತ್ರಿಕೋದ್ಯಮ, ರಾಜ್ಯಶಾಸ್ತ್ರ, ವೇದಾಂತ, ಕಾವ್ಯಗಳಲ್ಲಿ ಅವರು ಪಡೆದ ಪಾಂಡಿತ್ಯವೆಲ್ಲ ಪರೀಕ್ಷೆಯು ಅವರನ್ನು ಕೈಬಿಟ್ಟ ಅನಂತರ ಅವರು ಸ್ವಪ್ರಯತ್ನದಿಂದ ಗಳಿಸಿಕೊಂಡದ್ದು.

ವಿಧೇಯತೆಯನ್ನೇ ಪರಮಗುಣವೆಂದು ಬೋಧಿಸಿದರೆ ಏನಾಗುತ್ತದೆಂಬುದನ್ನು 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿಶಾಲೆಯೊಂದು ನಾಡಿಗೆ ತೋರಿಸಿತು. ಅಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗಿಳಿಸಿ ಶುಚಿಮಾಡಿಸಿದ ಸಂಗತಿ ಹೊರಬಿದ್ದು, ಹೊಣೆಗಾರರ ಬಂಧನವಾಯಿತು. ಇಳಿಯೆಂದವರು ಗುರುಗಳು, ಆದುದರಿಂದ ಮಕ್ಕಳು ಇಳಿದರು. ಇಳಿಯುವುದಿಲ್ಲವೆಂದು ಹೇಳುವ ಹಕ್ಕು ತಮಗಿದೆಯೆಂಬುದನ್ನು ಆ ಮಕ್ಕಳಿಗೆ ಯಾವ ಪೀರಿಯಡ್ಡಿನಲ್ಲಿ ಯಾರು ಕಲಿಸಿದ್ದರು?

ಬೇರೆ ದಾರಿಯೇ ಇಲ್ಲವೆನ್ನುವಂತಿಲ್ಲ. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನ ಸಮೀಪದಲ್ಲಿ ಡೇವಿಡ್ ಹಾರ್ಸ್‌ಬರೋ ಎಂಬ ಆಂಗ್ಲ ಶಿಕ್ಷಣತಜ್ಞರು 1972ರಲ್ಲಿ ನೀಲ್‌ಬಾಗ್ ಎಂಬ ಶಾಲೆಯನ್ನು ತೆರೆದರು. ಅಲ್ಲಿ ಕಲಿತವರು ಸುತ್ತಲಿನ ಹಳ್ಳಿಗಳ ಮಕ್ಕಳು. ಬೇರೆ ಬೇರೆ ವಯಸ್ಸಿನವರು ಒಂದೆಡೆ ಕುಳಿತು, ತಮತಮಗೆ ಸಾಧ್ಯವಾದ ವೇಗದಲ್ಲಿ ಓದಿದರು. ಶಾಲೆಯೊಳಗೆ ಪರೀಕ್ಷೆಯಾಗಲಿ ಬಹುಮಾನವಾಗಲಿ ಶಿಕ್ಷೆಯಾಗಲಿ ಇರಲಿಲ್ಲ. ಭಾಷೆ, ಗಣಿತಗಳೊಡನೆ ಮರಗೆಲಸ, ಕುಂಬಾರಿಕೆ, ಸಂಗೀತಗಳೂ ಪಾಠಗಳೇ ಆಗಿದ್ದುವು. ಭಯವಿಲ್ಲದೆಯೂ ಪೈಪೋಟಿಯಿಲ್ಲದೆಯೂ ಹಳ್ಳಿಯ ಮಗು ಕಲಿಯಬಲ್ಲುದೆಂಬುದು ನಮ್ಮ ಜಿಲ್ಲೆಯ ಮಣ್ಣಿನಲ್ಲಿಯೇ ಸಿದ್ಧವಾದ ಮಾತು. ಇದನ್ನು ಕಂಡೂ ಬಾಯಿಯ ಮೇಲೆ ಬೆರಳಿಡಿಸುವ ಪದ್ಧತಿಯನ್ನೇ ನಾವು ಉಳಿಸಿಕೊಂಡಿರುವುದು ಅಪರಾಧವಲ್ಲವೆ?

ವಿರೋಧ

ಮೇಲಿನ ವಾದದಲ್ಲಿ ಒಂದು ಅಂಶ ಅಡಗಿಕೊಂಡಿದೆ: ಮಗು ಶಾಲೆಗೆ ಬರುವಾಗ ಸ್ವತಂತ್ರವಾಗಿರುತ್ತದೆ, ಅದನ್ನು ಬಂಧಿಸುವುದು ಶಾಲೆ, ಎಂಬ ಊಹೆ. ಈ ಊಹೆಯನ್ನು ಕೋಲಾರದ ಹಳ್ಳಿಗಳಲ್ಲಿ ಬದುಕಿದವರು ಒಪ್ಪಲಾರರು. ಯಾರ ಮನೆಯಲ್ಲಿ ನೀರು ಕುಡಿಯಬೇಕು, ಯಾರ ಜಗಲಿಯ ಮೇಲೆ ಕೂರಬಾರದು, ಯಾವ ದೇವರ ಮುಂದೆ ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದನ್ನು ಆರು ವರ್ಷದ ಮಗು ಅಕ್ಷರ ಕಲಿಯುವ ಮೊದಲೇ ಕಲಿತಿರುತ್ತದೆ. ಆ ಪಾಠಕ್ಕೆ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಪರಿಷ್ಕರಣ ಸಮಿತಿಯಿಲ್ಲ; ಆದುದರಿಂದಲೇ ಅದು ಶಾಲೆಯ ಪಾಠಕ್ಕಿಂತ ನೂರುಮಡಿ ಗಟ್ಟಿ.

2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ದೇವರ ಉತ್ಸವಕ್ಕೆ ಸಂಬಂಧಿಸಿದ ಕೋಲನ್ನು ದಲಿತ ಬಾಲಕನೊಬ್ಬ ಮುಟ್ಟಿದನೆಂಬ ಕಾರಣಕ್ಕೆ ಅವನ ಕುಟುಂಬಕ್ಕೆ ಊರಿನವರು 60,000 ರೂಪಾಯಿ ದಂಡ ಹಾಕಿದರು. ಈ ದಂಡವನ್ನು ವಿಧಿಸಿದುದು ಯಾವ ಹೆಡ್‌ಮಾಸ್ಟರೂ ಅಲ್ಲ. ಇದಕ್ಕಿಂತಲೂ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು, 2015ರ ಹೊತ್ತಿಗೆ ಬೆಳಕಿಗೆ ಬಂದ, ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯ ಸಂಗತಿ. ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು ದಲಿತ ಮಹಿಳೆಯೆಂಬ ಕಾರಣಕ್ಕೆ ಬಹುಪಾಲು ಮಕ್ಕಳನ್ನು ತಂದೆತಾಯಿಗಳು ಬಿಡಿಸಿಕೊಂಡು ಹೋದರು. ಇಲ್ಲಿ ಏಕರೂಪತೆಯನ್ನು ಹೇರಿದವರು ಯಾರು, ಅದನ್ನು ಮುರಿಯಲು ಹೊರಟವರು ಯಾರು? ಒಂದೇ ಪಾತ್ರೆಯ ಅನ್ನಸಾರನ್ನು ಒಂದೇ ಸಾಲಿನಲ್ಲಿ ಕೂತ ಎಲ್ಲ ತಟ್ಟೆಗಳಿಗೂ ಬಡಿಸುವುದು ಶಾಲೆಯ ನಿಯಮ. ಆ ನಿಯಮವೇ ಊರಿಗೆ ಸಹಿಸಲಾಗದ್ದಾಯಿತು. ಸಮವಸ್ತ್ರ, ಸಾಲು, ಗಂಟೆ, ಹಾಜರಿ ಇವುಗಳನ್ನು ಬುದ್ಧಿಗೆ ತೊಡಿಸಿದ ಬೇಡಿಗಳೆಂದು ನಗರದ ಸ್ಥಿತಿವಂತರ ಮಗು ಹೇಳಬಹುದು. ಬೇರೆಲ್ಲಿಯೂ ಸಮನಾಗಿ ನಿಲ್ಲಲು ಎಡೆಯಿಲ್ಲದ ಮಗುವಿಗಾದರೋ, ಬೆಳಗಿನ ಪ್ರಾರ್ಥನೆಯ ಆ ಸಾಲೇ ಅದರ ಆಯುಷ್ಯದಲ್ಲಿ ದೊರೆತ ಮೊದಲ ಸಮಾನಸ್ಥಾನ. ಸರ್ಕಾರವು 2023ರಲ್ಲಿ ಶಾಲೆಗಳಲ್ಲಿ ಸಂವಿಧಾನದ ಪ್ರಸ್ತಾವನೆಯ ಓದನ್ನು ಕಡ್ಡಾಯಗೊಳಿಸಿದಾಗ, ಇದೂ ಒಂದು ಗಿಳಿಪಾಠವೆಂದವರುಂಟು. ಗಿಳಿಪಾಠವೇ ಇರಲಿ. ಹನ್ನೆರಡನೆಯ ವಯಸ್ಸಿನಲ್ಲಿ ಅರ್ಥ ತಿಳಿಯದೆ ಬಾಯಿಪಾಠವಾದ ಮಾತು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಊರಪಂಚಾಯಿತಿಯ ಮುಂದೆ ನಿಂತಾಗ, ಅರ್ಥವಾಗಿ ಒದಗಬಹುದು.

ಪ್ರಶ್ನಿಸುವವರನ್ನು ಶಾಲೆ ಬೆಳೆಸಿಲ್ಲವೆಂಬುದೂ ಸತ್ಯವಲ್ಲ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡತನದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದನ್ನು ಮುಂದುವರಿಸುವುದಕ್ಕಾಗಿ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋಗಿ, ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಅದೇ ಹುಡುಗ ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳ ಪರೀಕ್ಷೆಗೆಂದು ಸಮಿತಿ ರಚಿಸಿ, ನಂಬಿಕೆಯ ಹೆಸರಿನಲ್ಲಿ ನಡೆಯುವುದನ್ನೆಲ್ಲ ಪ್ರಶ್ನಿಸುವ ಹಕ್ಕು ಎಲ್ಲರಿಗೂ ಇದೆಯೆಂದು ಸಾರಿದರು. ಅವರಿಗೆ ಊರು ಕೊಡಲಾರದಿದ್ದುದನ್ನು ಶಾಲೆ ಕೊಟ್ಟಿತು. ಡಿ.ವಿ.ಜಿ.ಯವರ ಜಿಲ್ಲೆಯವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಪರೀಕ್ಷೆಗಳನ್ನೆಲ್ಲ ಉನ್ನತದರ್ಜೆಯಲ್ಲಿ ಗೆದ್ದು, ಸರ್ಕಾರದ ದೊಡ್ಡ ಹುದ್ದೆಗಳಲ್ಲಿದ್ದೂ, ಮನೆಮಾತು ತಮಿಳಾಗಿದ್ದೂ, ಕನ್ನಡದ ಸಣ್ಣಕಥೆಗೆ ತಮ್ಮದೇ ದಾರಿಯನ್ನು ತೆರೆದರು. ಪರೀಕ್ಷೆ ಅವರ ಸ್ವಂತಿಕೆಯನ್ನು ಕೊಲ್ಲಲಿಲ್ಲ.

ನೀಲ್‌ಬಾಗ್ ವಂದನೀಯವೇ, ಆದರೆ ಅಲ್ಲಿದ್ದವರು ಕೆಲವೇ ಮಕ್ಕಳು, ಅದನ್ನು ನಡೆಸಿದುದು 1984ರಲ್ಲಿ ತೀರಿಕೊಂಡ ಒಬ್ಬ ಅಸಾಧಾರಣ ಪುರುಷನ ಪ್ರತಿಭೆ. ರಾಜ್ಯದ ಶಾಲೆ ಅಸಾಧಾರಣರನ್ನು ಕಾಯುತ್ತ ಕೂರುವಂತಿಲ್ಲ. ಅದು ತನ್ನ ಜಡತ್ವದಲ್ಲಿಯೂ ಕಲಿಯಬಲ್ಲುದು: ಹಾರ್ಸ್‌ಬರೋ ಅವರು ಒಮ್ಮೆ ಪಾಠ ಹೇಳಿದ್ದ, ನಮ್ಮ ಗಡಿಯಾಚೆಯ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮಶಾಲೆಗಳ ಕ್ರಮವನ್ನು ನೋಡಿಬಂದ ಸರ್ಕಾರಿ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭಿಸಿದ ‘ನಲಿ-ಕಲಿ’ ಎಂಬ ಬೋಧನಕ್ರಮ ಇಂದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳನ್ನು ಮುಟ್ಟಿದೆ.

ನನ್ನ ಮತ

ಎರಡನೆಯ ಪಕ್ಷವೇ ತೂಕದ್ದೆಂದು ನನಗೆ ತೋರುತ್ತದೆ. ಆದರೆ ಮಾಲೂರಿನ ಗುಂಡಿಯ ಸಂಗತಿ ಆ ಪಕ್ಷವನ್ನು ನೆಮ್ಮದಿಯಾಗಿ ಕೂರಗೊಡುವುದಿಲ್ಲ. ಶಾಲೆಯೊಳಕ್ಕೆ ಊರೇ ಬಂದು ಮೇಷ್ಟರ ಕುರ್ಚಿಯಲ್ಲಿ ಕುಳಿತ ದಿನ, ವಿಧೇಯತೆಯ ಅಭ್ಯಾಸ ಮಗುವನ್ನು ಕಾಪಾಡದೆ ಒಪ್ಪಿಸಿಬಿಡುತ್ತದೆ. ಆದುದರಿಂದ ಸಾಲಿನಲ್ಲಿ ನಿಲ್ಲಿಸುವುದಕ್ಕೂ ನಾಲಗೆಯನ್ನು ಕಟ್ಟುವುದಕ್ಕೂ ಇರುವ ಭೇದವನ್ನು ನಾವು ಖಂಡಿತವಾಗಿ ಗುರುತಿಸಬೇಕು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಿಜೋ ಇಮ್ಯಾನ್ಯುಯಲ್ ಮೊಕದ್ದಮೆಯಲ್ಲಿ ಗುರುತಿಸಿದ್ದು ಈ ಭೇದವನ್ನೇ: ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತು, ತಮ್ಮ ಮತಶ್ರದ್ಧೆಯ ಕಾರಣದಿಂದ ಹಾಡದೆ ಉಳಿದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದುದು ತಪ್ಪೆಂದು ಅದು ತೀರ್ಪಿತ್ತಿತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ (ಎಸ್‌ಡಿಎಂಸಿ) ಸದಸ್ಯರಲ್ಲಿಯೂ ಶಿಕ್ಷಕರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು. ಸದಸ್ಯರು ತಿಂಗಳಿಗೊಮ್ಮೆಯಾದರೂ ಬಿಸಿಯೂಟದ ಪಂಕ್ತಿಯಲ್ಲಿ ಮಕ್ಕಳ ಮಗ್ಗುಲಲ್ಲಿ ಕುಳಿತು, ಅಡುಗೆಯವರು ಯಾರೇ ಆಗಿರಲಿ, ಅವರ ಕೈಯಿಂದ ಬಡಿಸಿಕೊಂಡು ಉಣ್ಣಲಿ. ಶಿಕ್ಷಕರು, ನೋಟ್ಸಿನಲ್ಲಿಲ್ಲದ ಮಾತಿನಲ್ಲಿ ಮಗು ಬರೆದ ಸರಿಯುತ್ತರಕ್ಕೆ ಪೂರ್ತಿ ಅಂಕ ಕೊಡಲಿ.