ಸಂಶೋಧನೆಯ ನೀರು ನಮ್ಮ ಹೊಲಕ್ಕೂ ಹರಿಯಲಿ

ಒಳ್ಳೆಯ ತಳಿಯ ಲಾಭ ಬೆಳೆದವನ ಹೊಲದಾಗ ನಿಲ್ಲೂದಿಲ್ಲ. ಜಿನ್ನಿಂಗ್ ಫ್ಯಾಕ್ಟರಿಗೆ, ಅಲ್ಲಿಂದ ನೂಲಿನ ಗಿರಣಿಗೆ ಹರಿದು ಹೋಗತೈತಿ. ಸಂಶೋಧನೆಗೆ ಒಂದು ರೂಪಾಯಿ ಹಾಕದ ಗಿರಣಿಯ ಉತ್ಪಾದಕತೆಯೂ ಅದರಿಂದ ಏರುತ್ತದೆ.

ಧಾರವಾಡದ ಉದಾಹರಣೆ ನೋಡಿ. 1972ರಲ್ಲಿ ಅಲ್ಲಿ ಡಾ. ಬಿ.ಎಚ್. ಕಾತರಕಿಯವರು ವರಲಕ್ಷ್ಮಿ ಹೈಬ್ರಿಡ್ ಹತ್ತಿ ಕೊಟ್ಟರು. ಆಮೇಲೆ ಡಿಸಿಎಚ್-32, ಅಂದರೆ ಜಯಲಕ್ಷ್ಮಿ ಬಂತು. ಎರಡರದ್ದೂ ಉದ್ದ ಎಳೆ. ಎಳೆ ಉದ್ದವಿದ್ದರೆ ನೂಲು ಸಣ್ಣಗೆ, ಗಟ್ಟಿಯಾಗಿ ಬರುತ್ತದೆ. ಹರಿಯೂದು ಕಡಿಮೆ, ಮಷೀನು ನಿಲ್ಲೂದೂ ಕಡಿಮೆ. ಸರ್ಕಾರದ ದುಡ್ಡಿನ ಸಂಶೋಧನೆ, ಲಾಭ ಮಾತ್ರ ಎಲ್ಲರಿಗೂ. ಬೀಜೋತ್ಪಾದನೆಯೂ ಹಾಗೇ. ಕೈಯಿಂದ ಕ್ರಾಸಿಂಗ್ ಮಾಡುವ ವಿದ್ಯೆ ರಾಣೆಬೆನ್ನೂರು, ಹಾವೇರಿ ಕಡೆಯ ಹೊಲಗಳಿಗೆ ಹಬ್ಬಿತು. ಇವತ್ತು ಬೀಜ ಕಂಪನಿಗಳು ನಿಂತಿರೂದು ಆ ಕೈಗಳ ಮ್ಯಾಲೆ.

ಆದರೆ ಈ ಹರಿವು ತಾನಾಗಿ ಎಲ್ಲ ಕಡೆ ಮುಟ್ಟುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜ್ವಿ ಗ್ರಿಲಿಕಸ್ 1957ರಲ್ಲಿ ಹೈಬ್ರಿಡ್ ಗೋವಿನಜೋಳ ಹಬ್ಬಿದ ರೀತಿಯ ಬಗ್ಗೆ ಬರೆದರು. ಒಂದೇ ಬೀಜ ಎಲ್ಲ ಸೀಮೆಗೂ ಒಗ್ಗಲಿಲ್ಲ. ಆಯಾ ಸೀಮೆಗೆ ಹೊಂದುವ ತಳಿಯನ್ನು ಬೇರೆಯಾಗಿ ತಯಾರಿಸಬೇಕಾಯಿತು. ನಮ್ಮ ಮಾಸೂರಿನ ಗೋವಿನಜೋಳಕ್ಕೂ ಇದೇ ಮಾತು. ಕೆರೆ ತುಂಬಿದ್ದರೂ ತೂಬು ಎತ್ತದಿದ್ದರೆ ಗದ್ದೆಗೆ ನೀರಿಲ್ಲ.

ಈಗ ತೂಬು ಸಣ್ಣದಾಗುತ್ತಿದೆ ಎಂಬುದೇ ನನ್ನ ಚಿಂತೆ. ಸರ್ಕಾರಿ ಹೈಬ್ರಿಡ್‌ನ ತಂದೆ-ತಾಯಿ ತಳಿ ಬೀಜ ಬೆಳೆಯುವವರಿಗೆ ಸಿಗುತ್ತಿತ್ತು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕ ಮೇಲೆ ಮಾರುಕಟ್ಟೆ ಖಾಸಗಿ ಬೀಜದ ಕೈ ಸೇರಿತು. ಆ ತಂದೆ-ತಾಯಿ ತಳಿಗಳು ಕಂಪನಿಯ ಗುಟ್ಟು. ಕಂಪನಿ ಹಾಕಿದ ಬಂಡವಾಳಕ್ಕೆ ಲಾಭ ಕೇಳೂದು ತಪ್ಪಲ್ಲ. ಹಾಗಂತ ಸರ್ಕಾರ ಸಂಶೋಧನೆಯಿಂದ ಕೈ ತೊಳಕೊಂಡರೆ ನಾವು ಬರೀ ಗಿರಾಕಿಗಳಾಗಿ ಉಳಿಯುತ್ತೇವೆ. ಸಣ್ಣ ಬೀಜ ಘಟಕ, ಸಣ್ಣ ಕಾರ್ಖಾನೆಗಳೂ ಸೊರಗುತ್ತವೆ.

ನಮ್ಮ ಪಾಲಿನ ಕೆಲಸವೂ ಐತಿ. ತಳಿ ತಳಿ ಬೆರೆಸಿ ಹತ್ತಿ ತುಂಬಬೇಡಿ. ಪ್ಲಾಸ್ಟಿಕ್ ಚೀಲದ ಎಳೆ ಸೇರದಂತೆ ನೋಡಿಕೊಳ್ಳಿ. ಗೋವಿನಜೋಳ ಶೇ 14ರ ತೇವಾಂಶಕ್ಕೆ ಇಳಿಯುವವರೆಗೆ ಒಣಗಿಸಿ. ನಾಕೈದು ಮಂದಿ ಕೂಡಿ ಒಂದು ತೇವಾಂಶ ಮೀಟರ್ ತಂದರೆ ಅಳತೆ ನಮ್ಮ ಕೈಯಾಗ ಇರತೈತಿ. ಹೊಸ ತಳಿಯ ಪ್ರಾತ್ಯಕ್ಷಿಕೆ ನಮ್ಮೂರ ಹೊಲದಲ್ಲೇ ಆಗಲಿ ಎಂದು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಗುಂಪಾಗಿ ಅರ್ಜಿ ಕೊಡಿ. ಕಾರ್ಖಾನೆಗೆ ಒಳ್ಳೆ ಮಾಲು ಕೊಟ್ಟವರು ಗುಣಮಟ್ಟಕ್ಕೆ ತಕ್ಕ ರೇಟನ್ನೂ ಧೈರ್ಯದಿಂದ ಕೇಳಬೇಕು.